ಜಂಪ್ ರಿಂಗ್ ಮನೆಯಲ್ಲೇ ಸುತ್ತುವುದಾ, ಪ್ಯಾಕೆಟ್ ತರುವುದಾ?

ಸೂಜಿದಾರ, ಹಾಸನ | ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಟೆರಾಕೋಟಾ ಜುಮುಕಿ, ಮಣಿ ಸರ ಮಾಡಿ ಮಾರುತ್ತೇನೆ. ದೊಡ್ಡ ವ್ಯಾಪಾರವೇನಲ್ಲ. ವಾಟ್ಸಾಪ್ ಗುಂಪು, ಅಕ್ಕಪಕ್ಕದ ಬೀದಿ, ಹಾಸನಾಂಬೆ ಬಾಗಿಲು ತೆಗೆದಾಗ ಒಂದು ಪುಟ್ಟ ಸ್ಟಾಲ್, ಅಷ್ಟೇ.

ಹೋದ ವಾರ ಮಾನ ಹೋಯಿತು. ನನ್ನ ಹತ್ತಿರ ಜುಮುಕಿ ತಗೊಂಡವರೊಬ್ಬರು ಅದನ್ನು ಮದುವೆಗೆ ಹಾಕಿಕೊಂಡು ಹೋಗಿದ್ದಾರೆ. ಸರಿಯಾಗಿ ಧಾರೆ ಹೊತ್ತಿಗೆ ಒಂದು ಕಿವಿಯದು ಕಳಚಿ ಬಿದ್ದಿದೆ. ಕೊಕ್ಕೆ ಕಿವಿಯಲ್ಲೇ ಇದೆ, ಜುಮುಕಿ ಮಾತ್ರ ಛತ್ರದ ನೆಲದ ಮೇಲೆ ಮೂರು ಚೂರು. ಫೋಟೋ ಕಳಿಸಿದರು. ಜೊತೆಗೆ ಒಂದು ಮಾತೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇನ್ನೊಂದು ಕಿವಿಯದನ್ನು ವಾಪಸ್ ತರಿಸಿ ನೋಡಿದೆ. ಅದರ ಜಂಪ್ ರಿಂಗ್, ಅಂದರೆ ಕೊಕ್ಕೆಗೂ ಜುಮುಕಿಗೂ ಕೊಂಡಿಯಾಗುವ ತಂತಿಯ ಸಣ್ಣ ಬಳೆ, ಅದೂ ಬಾಯಿ ಬಿಡುತ್ತಿತ್ತು. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಸಂದು. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಪೆನ್ಸಿಲ್ ಹೆರೆದ ಹಾಗೆ ಚೂಪು. ಎರಡೂ ಕೂಡುವುದೇ ಇಲ್ಲ. ಬೆಂಗಳೂರಿನಿಂದ ತಂದ ಪ್ಯಾಕೆಟ್, ನೂರು ರಿಂಗಿಗೆ 40 ರೂಪಾಯಿ ಕೊಟ್ಟಿದ್ದೆ. ಪೂರ್ತಿ ತಟ್ಟೆಗೆ ಸುರಿದು ನೋಡಿದರೆ ಹತ್ತರಲ್ಲಿ ಮೂರು ಹೀಗೇ ಇವೆ.

"ತಂತಿ ತಂದು ನೀನೇ ಸುತ್ತಿಕೋ, ಅದರಲ್ಲೇನಿದೆ" ಅನ್ನುತ್ತಾರೆ ನಮ್ಮ ಮನೆಯವರು. "ಇರೋ ಕೆಲಸಕ್ಕೇ ಹೊತ್ತಿಲ್ಲ, ಇನ್ನು ಇದೊಂದು" ಅಂತ ಅತ್ತೆ. ನನಗೆ ತಿಂಗಳಿಗೆ ಸುಮಾರು 300 ರಿಂಗ್ ಬೇಕು. ಮಾಡುವುದಾ, ತರುವುದಾ? ಮಾಡಿ ಅಭ್ಯಾಸ ಇರುವವರು ಯಾರಾದರೂ ಇದ್ದೀರಾ?

ಕಾಫಿಗಿಡ | 9:20

ತನ್ನಿ. ನೂರಕ್ಕೆ 40 ರೂಪಾಯಿ ಸಾಮಾನು ಸುತ್ತುತ್ತಾ ಕೂರುವುದಕ್ಕೆ ತಲೆ ಕೆಟ್ಟಿದೆಯಾ.

ಹೇಮಾವತಿ ದಂಡೆ | 9:24

ಆ 40 ರೂಪಾಯಿ ಸಾಮಾನಿನಿಂದಲೇ ಅಲ್ವಾ ಮದುವೆ ಮನೆಯಲ್ಲಿ ಮಾನ ಹೋಗಿದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಅಕ್ಕಸಾಲಿ ಮನೆ ಹುಡುಗ, ಬೇಲೂರು | 9:41

ಅಕ್ಕ, ಮಾಡುವುದೋ ತರುವುದೋ ಆಮೇಲೆ ನೋಡೋಣ. ಮೊದಲು ಎರಡು ಪ್ರಶ್ನೆ. ತಂತಿ ಎಷ್ಟು ದಪ್ಪ ಇದೆ? ರಿಂಗನ್ನು ಹೇಗೆ ತೆರೆಯುತ್ತೀರಿ?

ಬಹಳ ಜನ ಎರಡು ತುದಿಯನ್ನು ಎಡಕ್ಕೆ ಬಲಕ್ಕೆ ಹಿಗ್ಗಿಸುತ್ತಾರೆ. ಅಲ್ಲಿಗೆ ದುಂಡು ಹೋಯಿತು. ಆಮೇಲೆ ಎಷ್ಟು ಒತ್ತಿದರೂ ಮೊಟ್ಟೆ ಆಕಾರ, ಬಾಯಿ ಕೂಡುವುದಿಲ್ಲ. ಎರಡು ಪ್ಲೈಯರ್ ಬೇಕು, ಮೂತಿ ಒಳಗೆ ಹಲ್ಲಿಲ್ಲದವು. ಬಾಯಿ ಮೇಲಕ್ಕೆ ಬರುವಂತೆ ಎರಡೂ ಕಡೆ ಹಿಡಿದು, ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ. ಬಾಗಿಲು ತೆಗೆದ ಹಾಗೆ.

ಮುಚ್ಚುವಾಗ ಸರಿ ಜಾಗಕ್ಕೆ ತಂದು ಬಿಟ್ಟುಬಿಡಬೇಡಿ, ತಂತಿ ವಾಪಸ್ ಚಿಮ್ಮುತ್ತದೆ. ಸ್ವಲ್ಪ ಆಚೆ ದಾಟಿಸಿ, ಮತ್ತೆ ಈಚೆ, ಒಳಮುಖವಾಗಿ ಒತ್ತುತ್ತಾ ಎರಡು ಮೂರು ಸಲ ಅಲ್ಲಾಡಿಸಿ. ತುದಿಗೆ ತುದಿ ಉಜ್ಜಿ "ಟಿಕ್" ಅನ್ನುತ್ತದೆ. ಆಮೇಲೆ ಮೇಲೆ ಉಗುರು ಹಾಯಿಸಿ, ಎಲ್ಲೂ ತಡೆಯಬಾರದು. ನಮ್ಮಪ್ಪ ಕೂಡಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡುವುದೇ ಇಲ್ಲ, ಉಗುರಲ್ಲೇ ನೋಡುವುದು.

ಸೂಜಿದಾರ, ಹಾಸನ | 9:48

ಅಯ್ಯೋ ದೇವರೇ. ನಾನು ಹಿಗ್ಗಿಸುತ್ತಿದ್ದೆ. ಒಂದು ಕಡೆ ಪ್ಲೈಯರ್, ಇನ್ನೊಂದು ಕಡೆ ಹೆಬ್ಬೆರಳು. ಮೂರು ವರ್ಷದಿಂದ!

ಪ್ಯಾಕೆಟ್ ಮೇಲೆ 6 ಮಿಮೀ, 22 ಗೇಜ್ ಅಂತ ಇದೆ.

ಕಾಫಿಗಿಡ | 9:50

ಹಾಗಾದರೆ ತಪ್ಪು ಪ್ಯಾಕೆಟ್ಟಿನದಲ್ಲ. ಕೇಸ್ ಮುಗಿಯಿತು.

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು | 10:05

ಮುಗಿದಿಲ್ಲ ಸ್ವಾಮಿ. 22 ಗೇಜ್ ಅಂದರೆ 0.64 ಮಿಮೀ. ಮಣ್ಣಿನ ಜುಮುಕಿ ತೂಗಿಸುವುದಕ್ಕೆ ಅದು ಸಾಲದು.

ತಂತಿ ಬಾಗಿಸಲು ಬೇಕಾಗುವ ಬಲ ದಪ್ಪಕ್ಕೆ ತಕ್ಕಂತೆ ಏರುವುದಿಲ್ಲ, ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 22ರಿಂದ 20 ಗೇಜ್‌ಗೆ ಬನ್ನಿ, ಅಂದರೆ 0.64ರಿಂದ 0.81ಕ್ಕೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ 0.81ನ್ನು 0.64ರಿಂದ ಭಾಗಿಸಿ ಮೂರು ಸಲ ಗುಣಿಸಿ ನೋಡಿ, ಎರಡು ಬರುತ್ತದೆ. ಅದೇ ಲೋಹ, ಅದೇ ಸುತ್ತಳತೆ, ಬಾಯಿ ಬಿಡಿಸಲು ಎರಡರಷ್ಟು ಬಲ ಬೇಕು. 18 ಗೇಜ್, ಅಂದರೆ 1.02 ಮಿಮೀ ಹಾಕಿದರೆ ಮತ್ತೆ ಎರಡರಷ್ಟು. ಒಟ್ಟು ನಾಲ್ಕು ಪಟ್ಟು.

ಇನ್ನೊಂದು, ರಿಂಗ್ ದೊಡ್ಡದಾದಷ್ಟೂ ಬಲ ಕಡಿಮೆ. ಅದೇ ತಂತಿಯಲ್ಲಿ 8 ಮಿಮೀ ರಿಂಗಿಗಿಂತ 4 ಮಿಮೀ ರಿಂಗ್ ಗಟ್ಟಿ. ಸಣ್ಣ ರಿಂಗು, ದಪ್ಪ ತಂತಿ. ಇದಿಷ್ಟು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ಹೋಯಿತು.

ಪಂಪ್‌ಸೆಟ್ ರಿಪೇರಿ, ಸಕಲೇಶಪುರ | 10:18

ಮೇಷ್ಟ್ರೇ, 22 ಗೇಜ್ ಅಂದರೆ 0.71 ಮಿಮೀ. ನಾನು ದಿನಾ ಕೈಯಲ್ಲಿ ಹಿಡಿಯುವ ತಂತಿ ಸ್ವಾಮಿ ಅದು. ಮೈಕ್ರೋಮೀಟರ್ ಇಟ್ಟು ನೋಡಿದ್ದೇನೆ.

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು | 10:22

0.64.

ಪಂಪ್‌ಸೆಟ್ ರಿಪೇರಿ, ಸಕಲೇಶಪುರ | 10:23

0.71. ಬೇಕಾದರೆ ಫೋಟೋ ಹಾಕುತ್ತೇನೆ.

ಬೆಳ್ಳಿಬಟ್ಟಲು, ಕೊಪ್ಪ | 10:31

ಇಬ್ಬರೂ ಸರಿ, ಜಗಳ ಬಿಡಿ. ಮೇಷ್ಟ್ರು ಹೇಳುತ್ತಿರುವುದು ಅಮೆರಿಕದ ಗೇಜ್, ಎಡಬ್ಲ್ಯುಜಿ. ರಿಪೇರಿ ಅಣ್ಣ ಹೇಳುತ್ತಿರುವುದು ಬ್ರಿಟಿಷರು ಬಿಟ್ಟುಹೋದ ಎಸ್‌ಡಬ್ಲ್ಯುಜಿ. ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿ, ಮೋಟಾರ್ ತಂತಿ ಎಲ್ಲ ಎಸ್‌ಡಬ್ಲ್ಯುಜಿ. ಯೂಟ್ಯೂಬ್‌ನಲ್ಲಿ ಆಭರಣ ಕಲಿಸುವವರು ಬಹುಪಾಲು ಎಡಬ್ಲ್ಯುಜಿ. 20 ನಂಬರ್ ಅಂದರೆ ಅಲ್ಲಿ 0.81, ಇಲ್ಲಿ 0.91. 18 ಅಂದರೆ ಅಲ್ಲಿ 1.02, ಇಲ್ಲಿ 1.22. ನಾನು ಇದೇ ಗೊಂದಲದಲ್ಲಿ ಒಂದು ಕಟ್ಟು ತಂತಿ ಹಾಳು ಮಾಡಿಕೊಂಡಿದ್ದೇನೆ. ಅಂದಿನಿಂದ ಗೇಜ್ ಕೇಳುವುದೇ ಬಿಟ್ಟೆ, ಮಿಮೀ ಕೇಳುತ್ತೇನೆ.

ಹಾಗೇ ಪ್ಯಾಕೆಟ್ ಮೇಲೆ 6 ಮಿಮೀ ಅಂತ ಇದ್ದರೆ ಅದು ಸಾಮಾನ್ಯವಾಗಿ ಹೊರ ಅಳತೆ. ಒಳಗೆ 4.6, 4.7 ಸಿಕ್ಕರೆ ಹೆಚ್ಚು. ಮನೆಯಲ್ಲಿ ಸುತ್ತುವಾಗ ನಾವು ಲೆಕ್ಕ ಹಾಕುವುದು ಒಳ ಅಳತೆ. ಇದು ಗೊತ್ತಿಲ್ಲದೆ "ಸೈಜ್ ಮ್ಯಾಚ್ ಆಗುತ್ತಿಲ್ಲ" ಅಂತ ಎಷ್ಟು ಜನ ಒದ್ದಾಡುತ್ತಾರೆ ನೋಡಿ.

ಪಂಪ್‌ಸೆಟ್ ರಿಪೇರಿ, ಸಕಲೇಶಪುರ | 10:36

ಹಾಗಾದರೆ ನಾನು ಸೋತಿಲ್ಲ 🙂

ಸೂಜಿದಾರ ಅಕ್ಕ, ತಂತಿಗೆ ದುಡ್ಡು ಯಾಕೆ? ಹತ್ತಿರದ ರಿವೈಂಡಿಂಗ್ ಅಂಗಡಿಗೆ ಹೋಗಿ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. 1 ಮಿಮೀ ತಂತಿ 100 ಗ್ರಾಂ ತಂದರೆ ಸುಮಾರು 14 ಮೀಟರ್. 4 ಮಿಮೀ ರಿಂಗ್ 900 ಆಗುತ್ತದೆ. ಮೂರು ತಿಂಗಳ ಚಿಂತೆ ಹೋಯಿತು.

ಅಕ್ಕಸಾಲಿ ಮನೆ ಹುಡುಗ, ಬೇಲೂರು | 10:44

ಅಣ್ಣ, ಆ ತಂತಿಗೆ ಮೇಲೆ ವಾರ್ನಿಷ್ ಥರ ಎನಾಮಲ್ ಬಳಿದಿರುತ್ತಾರೆ. ಅದು ತಾಮ್ರದ ಬಣ್ಣಕ್ಕೇ ಕಾಣುವುದರಿಂದ ಜನಕ್ಕೆ ಗೊತ್ತಾಗುವುದಿಲ್ಲ. ಮನೆಯ ಒಲೆ ಮೇಲೆ ಸುಟ್ಟು ತೆಗೆಯಲು ಹೋದರೆ ಆ ಹೊಗೆ ಒಳ್ಳೆಯದಲ್ಲ. ಉಪ್ಪುಕಾಗದ ಹಾಕಿ ಉಜ್ಜುತ್ತಾ ಕೂತರೆ ಜನ್ಮ ಸಾಕಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ, ಮೋಟಾರ್ ತಂತಿ ಮೆತ್ತಗಿರುತ್ತದೆ. ಕಾಯಿಸಿ ಹದ ಮಾಡಿದ್ದು, ಸುಲಭವಾಗಿ ಸುತ್ತಲಿ ಅಂತ. ಜುಮುಕಿಗೆ ಬೇಕಾಗಿರುವುದು ಚಿಮ್ಮುವ ಗಟ್ಟಿ ತಂತಿ. ಕಾಯಿಸಿದರೆ ಮೆತ್ತಗೆ, ಎಳೆದರೆ ಗಟ್ಟಿ, ನಾವು ಬಳಸುವ ಲೋಹಕ್ಕೆಲ್ಲ ಇದೇ ಕತೆ. ಅಪ್ಪ ತೂತಿನ ಉಕ್ಕಿನ ಪಟ್ಟಿಯಲ್ಲಿ ತಂತಿ ಎಳೆಯುತ್ತಾ ಹೋಗುತ್ತಾರೆ, ಪ್ರತಿ ತೂತಿಗೂ ತಂತಿ ಸಣ್ಣದೂ ಆಗುತ್ತದೆ, ಬಿರುಸೂ ಆಗುತ್ತದೆ. ಕೊನೆಯ ಎರಡು ತೂತು ಕಾಯಿಸದೆ ಎಳೆದು, ಆಮೇಲೆ ಕೊಂಡಿಗೆ ಸುತ್ತುತ್ತಾರೆ. ಮನೆಯಲ್ಲಿ ಆ ಪಟ್ಟಿ ಇಲ್ಲದಿದ್ದರೆ ತಂತಿಯ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ಪ್ಲೈಯರ್‌ನಲ್ಲಿ ಹಿಡಿದು ಜಗ್ಗಿ. ಸ್ವಲ್ಪ ಬಿರುಸಾಗುತ್ತದೆ, ಸೊಟ್ಟವೂ ಹೋಗುತ್ತದೆ.

ಹೇಮಾವತಿ ದಂಡೆ | 10:50

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ, ನೀವು ನೋಡಿದರೆ ಅಕ್ಕನಿಗೆ ಮನೆ ಗುಟ್ಟೆಲ್ಲ ಬಿಟ್ಟುಕೊಡುತ್ತಿದ್ದೀರಿ 😄

ಅಕ್ಕಸಾಲಿ ಮನೆ ಹುಡುಗ, ಬೇಲೂರು | 10:53

ಆ ಗಾದೆ ಕೇಳಿ ಕೇಳಿ ಕಿವಿ ತೂತಾಗಿದೆ, ಬೇರೆ ಹೇಳಿ. ಅಕ್ಕನದು ಮಣ್ಣಿನ ಜುಮುಕಿ, ಕದಿಯಲು ಏನಿದೆ ಅದರಲ್ಲಿ.

ಸೂಜಿದಾರ, ಹಾಸನ | 10:55

ಮಣ್ಣೂ ಈಗ ಪುಕ್ಕಟೆ ಬರುವುದಿಲ್ಲ ಕಣಪ್ಪ.

ದೇವಿರಮ್ಮನ ಬೆಟ್ಟ | ಸೋಮವಾರ ಬೆಳಿಗ್ಗೆ 7:02

ಇಷ್ಟೆಲ್ಲ ಯಾಕೆ? ಬೆಸುಗೆ ಹಾಕಿಬಿಡಿ. ಬಾಯಿ ಬಿಡುವ ಪ್ರಶ್ನೆಯೇ ಇಲ್ಲ.

ಬೆಳ್ಳಿಬಟ್ಟಲು, ಕೊಪ್ಪ | 7:40

ಜುಮುಕಿಗೆ ಸಿಕ್ಕಿಸಿದ ಮೇಲೆ ಬೆಂಕಿ ಹಿಡಿದರೆ ಮಣ್ಣು ತಡೆದೀತು, ಮೇಲೆ ಬಳಿದ ಅಕ್ರಿಲಿಕ್ ಬಣ್ಣ ತಡೆಯುವುದಿಲ್ಲ. ರೇಷ್ಮೆ ದಾರ ಇದ್ದರಂತೂ ಕೇಳುವುದೇ ಬೇಡ. ಬೆಳ್ಳಿ ಸರಪಳಿಗಾದರೆ ನಾನೂ ಬೆಸುಗೆಯನ್ನೇ ಹಾಕುತ್ತೇನೆ.

ಹೇಮಾವತಿ ದಂಡೆ | 7:58

ಬೆಸುಗೆ ಅಂದಾಗ ನೆನಪಾಯಿತು. ನಮ್ಮಮ್ಮನ ಸರದ ಕೊಂಡಿ ಮೇಲೆ ಕೆಡಿಎಂ ಅಂತ ಸಣ್ಣಕ್ಷರದಲ್ಲಿದೆ. ಅದು ಅಂಗಡಿಯವರ ಹೆಸರು ಅಂದುಕೊಂಡಿದ್ದೆ ಇಷ್ಟು ವರ್ಷ. ಏನದು?

ಅಕ್ಕಸಾಲಿ ಮನೆ ಹುಡುಗ, ಬೇಲೂರು | 8:15

ಕೆಡಿಎಂ ಅಂದರೆ ಕ್ಯಾಡ್ಮಿಯಂ. ಮೊದಲು ಚಿನ್ನಕ್ಕೆ ಬೆಸುಗೆ ಹಾಕಲು ಚಿನ್ನದ ಜೊತೆ ತಾಮ್ರ ಸೇರಿಸಿದ ಮಿಶ್ರಣ ಬಳಸುತ್ತಿದ್ದರು. ಒಂದು ಸರದಲ್ಲಿ ನೂರಾರು ಕೊಂಡಿ, ನೂರಾರು ಬೆಸುಗೆ. ಸರ ಕರಗಿಸಿದಾಗ ಬೆಸುಗೆಯ ತಾಮ್ರವೂ ಸೇರಿ ಚಿನ್ನದ ಶುದ್ಧತೆ ಕಡಿಮೆ ಬರುತ್ತಿತ್ತು. ಆಮೇಲೆ 92 ಭಾಗ ಚಿನ್ನಕ್ಕೆ 8 ಭಾಗ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಂತು. ಕಾಯಿಸಿದಾಗ ಕ್ಯಾಡ್ಮಿಯಂ ಬಹುಪಾಲು ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ, ಶುದ್ಧತೆ ಕೆಡುವುದಿಲ್ಲ.

ಆದರೆ ಆ ಆವಿ ಹೋಗುವುದು ಊದುಗೊಳವೆ ಹಿಡಿದು ಕೂತವನ ಎದೆಗೆ. ವಿಷ ಅದು. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್ ಅದನ್ನು ನಿಲ್ಲಿಸಿತು. ಈಗ ಸತು, ಇಂಡಿಯಂ ಹಾಕಿದ ಬೆಸುಗೆ ಇದೆ. ನಮ್ಮ ತಾತನ ಜೊತೆಯವರಲ್ಲಿ ಕೆಮ್ಮದವರು ಕಡಿಮೆ.

ದೇವಿರಮ್ಮನ ಬೆಟ್ಟ ಅವರಿಗೆ ಹೇಳುತ್ತಿದ್ದೇನೆ, "ಬೆಸುಗೆ ಹಾಕಿಬಿಡಿ" ಅಂತ ಬರೆಯುವುದು ಸುಲಭ. ಅಡುಗೆಮನೆಯಲ್ಲಿ ಯಾವುದೋ ಹಳೆಯ ಬೆಸುಗೆ ಕಡ್ಡಿ ತಂದು ಕಾಯಿಸಬೇಡಿ.

ದೇವಿರಮ್ಮನ ಬೆಟ್ಟ | 8:21

ಸರಿಯಪ್ಪ, ಬೇಡ.

ಹೇಮಾವತಿ ದಂಡೆ | 8:25

ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಹಾಲ್‌ಮಾರ್ಕ್ ಇಲ್ವಾ ಇದಕ್ಕೆ" ಅಂತ ಬೇಜಾರು ಮಾಡಿಕೊಂಡಿದ್ದಾರೆ.

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು | 8:33

ಹಳೆಯ ಒಡವೆ ಇಟ್ಟುಕೊಳ್ಳಲು ತೊಂದರೆ ಇಲ್ಲ ಅಂತ ಹೇಳಿ. ಅಂಗಡಿಯಲ್ಲಿ ಮಾರುವ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಆಗುತ್ತಾ ಬಂದಿದ್ದು 2021ರ ಜೂನ್ 16ರಿಂದ, ಅದೂ ಜಿಲ್ಲೆ ಜಿಲ್ಲೆಯಾಗಿ. ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ, ಇಲ್ಲದೆ ಮಾರುವ ಹಾಗಿಲ್ಲ ಅಂತ ಆಗಿದ್ದು 2023ರ ಏಪ್ರಿಲ್ 1ರಿಂದ. 2 ಗ್ರಾಂಗಿಂತ ಕಡಿಮೆ ಇರುವುದಕ್ಕೆ ವಿನಾಯಿತಿ ಇದೆ. ಒಂಟಿ ಜಂಪ್ ರಿಂಗಿಗೆ ಮುದ್ರೆ ಹೊಡೆಸಿ ಅಂತ ಯಾರೂ ಕೇಳುವುದಿಲ್ಲ.

ಬೇಲೂರು ಬಸ್ಸು | 9:10

ಕೊಂಡಿ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ಚೆನ್ನಕೇಶವನ ಗುಡಿ ಮದನಿಕೆಯರ ಮೈಮೇಲೆ ಎಷ್ಟು ಸರ ಇವೆ. ಒಬ್ಬಳ ಕೈ ಬಳೆ ಅಲ್ಲಾಡುತ್ತದೆ ಅಂತ ಗೈಡ್ ತೋರಿಸುತ್ತಾರೆ. ಅದಕ್ಕೆ ಜಂಪ್ ರಿಂಗ್ ಎಲ್ಲಿ ಹಾಕಿದ್ದಾರೆ?

ಅಕ್ಕಸಾಲಿ ಮನೆ ಹುಡುಗ, ಬೇಲೂರು | 9:18

ಅದೇ ಅಣ್ಣ ಮಜಾ, ಅಲ್ಲಿ ಬಾಯಿಯೇ ಇಲ್ಲ. ಕೈಯೂ ಬಳೆಯೂ ಒಂದೇ ಕಲ್ಲು. ಸುತ್ತ ಕೊರೆದು ಬಿಡಿಸಿದ್ದು. 1117ರಲ್ಲಿ ಪ್ರತಿಷ್ಠೆ ಆದ ಗುಡಿ. ಬಳಪದ ಕಲ್ಲು ಅಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಕೆತ್ತುವಾಗ ಮೆತ್ತಗೆ, ಬಳಸುವಾಗ ಗಟ್ಟಿ. ನಮಗೆ ಅಂಥ ತಂತಿ ಸಿಕ್ಕಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಕಾಫಿಗಿಡ | 9:22

ಚರ್ಚೆ ಹಳೇಬೀಡಿಗೆ ಹೋಗುವ ಮೊದಲು ಯಾರಾದರೂ ಬಸ್ ನಿಲ್ಲಿಸಿ.

ಮಳೆಗಾಲ, ಮೂಡಿಗೆರೆ | 9:47

ಯಾರೂ ಚರ್ಮದ ಬಗ್ಗೆ ಹೇಳಲಿಲ್ಲ. ನನಗೆ ಅಗ್ಗದ ರಿಂಗ್ ಹಾಕಿದ ಓಲೆ ಅರ್ಧ ದಿನ ಹಾಕಿದರೆ ಸಾಕು, ಕಿವಿ ಕೆಂಪಾಗಿ ನೀರು ಬರುತ್ತದೆ. ನಿಕ್ಕಲ್ ಅಲರ್ಜಿ ಅಂದರು ಡಾಕ್ಟರು. ಮೇಲೆ ಚಿನ್ನದ ಬಣ್ಣ, ಕೆಳಗೆ ನಿಕ್ಕಲ್ ಪದರ. ಬೆವರಿಗೆ ಮೇಲಿನ ಬಣ್ಣ ಹೋಗುತ್ತದೆ, ಕೆಳಗಿನದು ಕಚ್ಚುತ್ತದೆ.

ಜರ್ಮನ್ ಸಿಲ್ವರ್ ತಗೊಂಡರೆ ಆಗುತ್ತಾ?

ಬೆಳ್ಳಿಬಟ್ಟಲು, ಕೊಪ್ಪ | 10:02

ಬೇಡವೇ ಬೇಡ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ತಾಮ್ರ, ಸತು, ನಿಕ್ಕಲ್. ನಿಮ್ಮ ಶತ್ರುವನ್ನೇ ಹೆಸರು ಬದಲಿಸಿ ಕಿವಿಗೆ ಹಾಕಿಕೊಂಡ ಹಾಗೆ. 925 ಬೆಳ್ಳಿ ನೋಡಿ, ಅದರಲ್ಲಿ ಉಳಿದ ಏಳೂವರೆ ಭಾಗ ಸಾಮಾನ್ಯವಾಗಿ ತಾಮ್ರ.

ಪಂಪ್‌ಸೆಟ್ ರಿಪೇರಿ, ಸಕಲೇಶಪುರ | 10:06

ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ವಾ?

ಬೆಳ್ಳಿಬಟ್ಟಲು, ಕೊಪ್ಪ | 10:11

ಕಬ್ಬಿಣದ ಮೇಲೆ ಬಣ್ಣ ಹಾಕಿದ್ದು ಸಿಕ್ಕಿಬೀಳುತ್ತದೆ. ಜರ್ಮನ್ ಸಿಲ್ವರ್ ಅಂಟುವುದಿಲ್ಲ, ಆದ್ದರಿಂದ ಅಂಟಲಿಲ್ಲ ಅಂದ ಮಾತ್ರಕ್ಕೆ ನಿಕ್ಕಲ್ ಇಲ್ಲ ಅಂತಲ್ಲ. ಅದೊಂದು ಬಲೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಬೆಳ್ಳಿ ರಿಂಗ್ ಮನೆಯಲ್ಲೇ ಮಾಡುತ್ತೇನೆ, ಉಳಿದದ್ದೆಲ್ಲ ತರುತ್ತೇನೆ. ಯಾಕೆ ಅಂದರೆ ಬೆಳ್ಳಿಯಲ್ಲಿ ಹಾಳಾದದ್ದೂ ದುಡ್ಡೇ. 1 ಮಿಮೀ ತಂತಿ, 4 ಮಿಮೀ ಒಳ ಅಳತೆ ಅಂದರೆ ಒಂದು ರಿಂಗಿಗೆ 15.7 ಮಿಮೀ ತಂತಿ ಬೇಕು. ಒಳ ಅಳತೆಗೆ ತಂತಿಯ ದಪ್ಪ ಕೂಡಿಸಿ 3.14ರಿಂದ ಗುಣಿಸುವುದು. ನೂರಕ್ಕೆ ಒಂದೂವರೆ ಮೀಟರ್ ಚಿಲ್ಲರೆ, ತೂಕ 13 ಗ್ರಾಂಗೆ ಸ್ವಲ್ಪ ಕಡಿಮೆ. ಅದರಲ್ಲಿ ಹತ್ತು ಕೆಟ್ಟರೂ ಡಬ್ಬಿಗೆ ಹಾಕಿಟ್ಟು ತೂಕಕ್ಕೆ ವಾಪಸ್ ಕೊಡಬಹುದು. ಹಿತ್ತಾಳೆ ರಿಂಗ್ ಹತ್ತು ಕೆಟ್ಟರೆ ಕಸದ ಬುಟ್ಟಿ.

ಮಾಡುವ ರೀತಿ ಹೇಳಿಬಿಡುತ್ತೇನೆ. ಸ್ವೆಟರ್ ಹೆಣೆಯುವ ಸೂಜಿ ತಗೊಳ್ಳಿ. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೆಯ ನಂಬರಿನಲ್ಲಿ 8 ಅಂದರೆ 4 ಮಿಮೀ, 6 ಅಂದರೆ 5 ಮಿಮೀ, 10 ಅಂದರೆ 3.25. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ, ಮರೆಯಬೇಡಿ. ಲೋಹದ್ದೇ ಆಗಲಿ, ಪ್ಲಾಸ್ಟಿಕ್ ಸೂಜಿ ಬಾಗುತ್ತದೆ. ತಂತಿಯನ್ನು ಒತ್ತೊತ್ತಾಗಿ, ಸುತ್ತಿಗೆ ಸುತ್ತು ತಾಗುವಂತೆ ಸುತ್ತಿ. ಬಿಟ್ಟ ತಕ್ಷಣ ಸುರುಳಿ ಸ್ವಲ್ಪ ಬಿಚ್ಚಿಕೊಂಡು ದೊಡ್ಡದಾಗುತ್ತದೆ, ತಂತಿ ಬಿರುಸಾದಷ್ಟೂ ಜಾಸ್ತಿ.

ಆಮೇಲೆ ಕತ್ತರಿಸುವುದು. ಎಲ್ಲ ಇರುವುದು ಇಲ್ಲೇ. ಕಟರ್‌ನಲ್ಲಿ ಕತ್ತರಿಸಿದರೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಚೂಪು. ಸೂಜಿದಾರ ಅವರ ಪ್ಯಾಕೆಟ್ಟಿನಲ್ಲಿ ಇದ್ದದ್ದು ಅದೇ. ಕಟರೇ ಗತಿ ಅಂದರೆ, ಪ್ರತಿ ರಿಂಗಿಗೂ ಕಟರ್ ಮಗುಚಿ ಆ ಚೂಪು ತುದಿಯನ್ನು ಇನ್ನೊಮ್ಮೆ ಕತ್ತರಿಸಬೇಕು. ಒಂದು ರಿಂಗಿಗೆ ಎರಡು ಸಲ. ಗರಗಸದಲ್ಲಾದರೆ ಒಂದೇ ಸಲಕ್ಕೆ ಎರಡೂ ತುದಿ ಚಪ್ಪಟೆ. ನಾನು ಸುರುಳಿಗೆ ಕಾಗದದ ಟೇಪ್ ಸುತ್ತಿ, ಅಕ್ಕಸಾಲಿಗರ ಸಣ್ಣ ಗರಗಸಕ್ಕೆ 2/0 ಬ್ಲೇಡ್ ಹಾಕಿ, ಬ್ಲೇಡಿಗೆ ಜೇನುಮೇಣ ಸವರಿ ಉದ್ದಕ್ಕೆ ಸೀಳುತ್ತೇನೆ. ಬ್ಲೇಡ್ ಕಾಲು ಮಿಮೀ ಚಿಲ್ಲರೆ ದಪ್ಪ, ಅಷ್ಟು ಬೆಳ್ಳಿ ಪುಡಿಯಾಗಿ ಹೋಗುತ್ತದೆ. ಮಡಿಲಲ್ಲಿ ಹಳೆಯ ಟವೆಲ್ ಹಾಸಿಕೊಂಡಿರುತ್ತೇನೆ. ರಿಂಗ್ ಒಂದೊಂದೇ ಟಪ್ ಟಪ್ ಅಂತ ಬೀಳುತ್ತವೆ, ಅವರೆಕಾಳು ಬಿಡಿಸಿದ ಹಾಗೆ. ಪುಡಿಯೂ ಟವೆಲ್ ಮೇಲೆ ಉಳಿಯುತ್ತದೆ.

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು | 10:30

ಇದನ್ನು ಮೇಲಕ್ಕೆ ಪಿನ್ ಮಾಡಿ ಯಾರಾದರೂ.

ಕಾಫಿಗಿಡ | 10:34

ಓದಿಯೇ ಸುಸ್ತಾಯಿತು. ನಾನು ಹೇಳಿದ್ದು ಸರಿ ಅನ್ನಿಸುತ್ತಿದೆ.

ಮಳೆಗಾಲ, ಮೂಡಿಗೆರೆ | 10:41

ಕೀ ಬಂಚ್ ಥರ ಎರಡು ಸುತ್ತು ಇರುವ ಸಣ್ಣ ರಿಂಗ್ ಸಿಗುತ್ತಲ್ಲ, ಅದು ಬಿಚ್ಚಿಕೊಳ್ಳುವುದೇ ಇಲ್ಲ. ನನ್ನ ತಂಗಿ ಜುಮುಕಿಗೆ ಅದನ್ನೇ ಹಾಕುವುದು. ನೋಡಲು ಸ್ವಲ್ಪ ದಡೂತಿ, ಹಾಕುವಾಗ ಉಗುರು ಸೀಳುತ್ತದೆ.

ದೇವಿರಮ್ಮನ ಬೆಟ್ಟ | 10:50

ಬಾಯಿ ಜಾಗಕ್ಕೆ ಒಂದು ಹನಿ ಫೆವಿಕ್ವಿಕ್. ಈ ಸಲ ಬೆಂಕಿ ಇಲ್ಲ, ಬೈಬೇಡಿ.

ಅಕ್ಕಸಾಲಿ ಮನೆ ಹುಡುಗ, ಬೇಲೂರು | 10:56

ಬೈಯುವುದಿಲ್ಲ. ಆದರೆ ಸಂದು ಇರುವ ರಿಂಗಿಗೆ ಅಂಟು ಹಾಕಿದರೆ ಅದು ಸಂದನ್ನು ಮುಚ್ಚಿಡುತ್ತದೆ, ಹಿಡಿದಿಡುವುದಿಲ್ಲ. ಒಂದು ಏಟಿಗೆ ಚಕ್ಕೆ ಏಳುತ್ತದೆ.

ಸೂಜಿದಾರ, ಹಾಸನ | ಶುಕ್ರವಾರ ರಾತ್ರಿ 8:30

ನಾಲ್ಕು ದಿನ ಮಾಡಿ ನೋಡಿದೆ. ಹೇಳುತ್ತೇನೆ ಕೇಳಿ.

ಮೊದಲ ದಿನ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿ 18 ನಂಬರ್ ತಂತಿ ಕೇಳಿ ತಂದೆ. ಕೊಪ್ಪದ ಅಕ್ಕ ಹೇಳಿದ್ದು ಮರೆತೇ ಹೋಗಿತ್ತು. 1.22 ಮಿಮೀ! ಹಿತ್ತಾಳೆ, ಸೂಜಿಗೆ ಸುತ್ತುವಷ್ಟರಲ್ಲಿ ಹೆಬ್ಬೆರಳಲ್ಲಿ ಬೊಬ್ಬೆ. ಕೊಕ್ಕೆಯ ಕಣ್ಣಿನೊಳಗೆ ಆ ರಿಂಗ್ ಹೋಗುವುದೇ ಇಲ್ಲ. ಎಷ್ಟು ಗಟ್ಟಿಯಿದ್ದರೇನು, ತೂತಿಗೆ ಹೋಗಬೇಕಲ್ಲ. ವಾಪಸ್ ಹೋಗಿ 20 ನಂಬರ್, 0.91 ತಂದೆ. ಅಂಗಡಿಯವರು "ಏನಮ್ಮ ಮೋಟಾರ್ ರಿಪೇರಿನಾ" ಅಂದರು.

8 ನಂಬರ್ ಸೂಜಿಗೆ ಸುತ್ತಿದೆ. 4 ಅಂದುಕೊಂಡಿದ್ದು 4.3 ಬಂತು. ಕಟರ್ ಮಗುಚಿ ಮಗುಚಿ ಎರಡೆರಡು ಸಲ ಕತ್ತರಿಸಿದೆ. ಕತ್ತರಿಸಿದ ಚೂರು ಎಗರಿ ಎಗರಿ ಬೀಳುತ್ತವೆ, ಒಂದು ನನ್ನ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇಲ್ಲದವರು ದಯವಿಟ್ಟು ಏನಾದರೂ ಹಾಕಿಕೊಳ್ಳಿ. ಎರಡು ಸಂಜೆ ಸೇರಿ ಮೂರು ಗಂಟೆ. ರಿಂಗ್ 180. ಅದರಲ್ಲಿ 30 ಸೊಟ್ಟ.

ಉಳಿದ 150 ಮಾತ್ರ ಚಿನ್ನದಂಥವು. ಮುಚ್ಚಿದರೆ ಬಾಯಿ ಎಲ್ಲಿದೆ ಅಂತ ನನಗೇ ಗೊತ್ತಾಗುವುದಿಲ್ಲ. "ಟಿಕ್" ಸದ್ದು ಕೇಳಿಸಿತು, ಬೇಲೂರಿನ ತಮ್ಮ! ಮಕ್ಕಳ ನೀರಿನ ಬಾಟಲಿ ತೂಗುಹಾಕಿ ನೋಡಿದೆ. ಹಳೆಯ ಪ್ಯಾಕೆಟ್ ರಿಂಗ್ ಅರ್ಧ ಬಾಟಲಿಗೇ ಬಾಯಿ ಬಿಟ್ಟಿತು. ನನ್ನದು ತುಂಬಿದ ಬಾಟಲಿಗೂ ಜಗ್ಗಲಿಲ್ಲ.

ಕಾಫಿಗಿಡ | 8:37

ಮೂರು ಗಂಟೆಗೆ 150. ಪ್ಯಾಕೆಟ್ ಲೆಕ್ಕದಲ್ಲಿ 60 ರೂಪಾಯಿ ಮಾಲು. ಗಂಟೆಗೆ 20 ರೂಪಾಯಿ ಕೂಲಿ, ತಂತಿ ಖರ್ಚು ಬೇರೆ. ನಮ್ಮ ತೋಟಕ್ಕೆ ಬನ್ನಿ, ಕಾಫಿ ಕೊಯ್ಲಿಗೆ ಇದಕ್ಕಿಂತ ಜಾಸ್ತಿ ಕೊಡುತ್ತೇವೆ.

ಹೇಮಾವತಿ ದಂಡೆ | 8:41

ಒಡೆದ ಜುಮುಕಿಯ ಬೆಲೆ ಆ ಲೆಕ್ಕದಲ್ಲಿ ಎಲ್ಲಿದೆ? ಹೋದ ಗಿರಾಕಿ ಎಲ್ಲಿದ್ದಾರೆ?

ಕಾಫಿಗಿಡ | 8:44

ಒಡೆದದ್ದು ಹಿಗ್ಗಿಸಿ ತೆರೆದದ್ದಕ್ಕೆ, 22 ಗೇಜ್ ಹಾಕಿದ್ದಕ್ಕೆ. ಒಳ್ಳೆಯ ಪ್ಯಾಕೆಟ್ ತಂದು, ದಪ್ಪದ್ದು ತಂದು, ಸರಿಯಾಗಿ ಮುಚ್ಚಿದರೆ ಒಡೆಯುತ್ತಿರಲಿಲ್ಲ. ನಾನು ಮೊದಲಿಂದ ಹೇಳುತ್ತಿರುವುದೂ ಅದೇ, ಯಾರೂ ಕೇಳಲಿಲ್ಲ.

ಬೆಳ್ಳಿಬಟ್ಟಲು, ಕೊಪ್ಪ | 8:52

ಕಾಫಿಗಿಡ ಅವರ ಲೆಕ್ಕ ನನಗೆ ಇಷ್ಟವಿಲ್ಲ, ಆದರೆ ತಪ್ಪು ಅಂತ ಹೇಳಲಾರೆ. ಹಿತ್ತಾಳೆ, ಸ್ಟೀಲ್‌ಗೆ ನಾನೂ ತರುವುದೇ. ಸ್ಟೀಲಂತೂ ಮನೆಯಲ್ಲಿ ಕತ್ತರಿಸಲು ಹೋಗಬೇಡಿ, ಕಟರ್ ಬಾಯಿ ಹೋಗುತ್ತದೆ. ಇನ್ನು ನಮ್ಮ ಮಲೆನಾಡಿನ ಮಳೆಗೆ ಹಿತ್ತಾಳೆ ಒಂದೇ ತಿಂಗಳಲ್ಲಿ ಕಪ್ಪಾಗುತ್ತದೆ, ಬೆವರು ತಾಗಿದ ಕಡೆ ಹಸಿರು. ಸ್ಟೀಲ್ ಹಾಗಾಗುವುದಿಲ್ಲ.

ಸೂಜಿದಾರ, ನೀವು ಸ್ಟೀಲ್ ರಿಂಗ್ 1 ಮಿಮೀ ದಪ್ಪದ್ದು ತರಿಸಿ. ಬಂದ ದಿನವೇ ಬಿಳಿ ತಟ್ಟೆಗೆ ಸುರಿದು ಆರಿಸಿ, ಅಕ್ಕಿ ಆರಿಸಿದ ಹಾಗೆ. ಕಲ್ಲು ಸಿಕ್ಕರೆ ತೆಗೆದುಹಾಕಿ.

ಸೂಜಿದಾರ, ಹಾಸನ | 9:15

ಬೆಳಿಗ್ಗೆಯೇ ಆರ್ಡರ್ ಹಾಕಿದೆ ಅಕ್ಕ. ಮಾಮೂಲಿ ಸೈಜೆಲ್ಲ ಸ್ಟೀಲ್, ಪ್ಯಾಕೆಟ್ಟೇ. ಆದರೆ ಮದುವೆ ಜುಮುಕಿ ದೊಡ್ಡದು ಮಾಡುತ್ತೇನಲ್ಲ, ಅದಕ್ಕೆ ಬೇಕಾದ ಉದ್ದನೆಯ ರಿಂಗ್ ಯಾವ ಪ್ಯಾಕೆಟ್ಟಿನಲ್ಲೂ ಇಲ್ಲ. ಎರಡು ಸೂಜಿ ಜೋಡಿಸಿ ಟೇಪ್ ಹಾಕಿ ಅದರ ಮೇಲೆ ಸುತ್ತಿದೆ, ಅವರೆ ಬೀಜದ ಆಕಾರಕ್ಕೆ ಬಂತು. ಅದನ್ನು ಮಾತ್ರ ಮಾಡಿಕೊಳ್ಳುತ್ತೇನೆ. ತಿಂಗಳಿಗೆ 20 ಬೇಕಾದರೆ ಹೆಚ್ಚು.

ಮದುವೆಯ ಮೇಡಂಗೆ ಹೊಸ ಜುಮುಕಿ ಒಯ್ದು ಕೊಟ್ಟು ಬಂದೆ. ಬಾಗಿಲಲ್ಲೇ ತಗೊಂಡರು. ಕಾಫಿ ಕೊಡಲಿಲ್ಲ.

ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು | 9:20

ಜುಮುಕಿ ತಗೊಂಡರಲ್ಲ, ಸಾಕು.

ಸೂಜಿದಾರ, ಹಾಸನ | 9:26

ಕೊನೆಯ ಪ್ರಶ್ನೆ. ಆ ಉದ್ದನೆಯ ರಿಂಗ್ ಸೀಳಲು ಅಂತ ಸಣ್ಣ ಗರಗಸ ತರಿಸಿದೆ, 2/0 ಬ್ಲೇಡ್ ಒಂದು ಡಜನ್. ನಿನ್ನೆಯಿಂದ ಏಳು ಮುರಿದಿವೆ. ಕೆಳಕ್ಕೆ ಎಳೆದರೆ ಜಾರುತ್ತದೆ, ಮೇಲಕ್ಕೆ ತಳ್ಳಿದರೆ ಕಚ್ಚಿಕೊಂಡು ಪಟ್ ಅನ್ನುತ್ತದೆ. ಮೇಣವೂ ಹಾಕಿದ್ದೇನೆ. ಏನು ತಪ್ಪು?

ಅಕ್ಕಸಾಲಿ ಮನೆ ಹುಡುಗ, ಬೇಲೂರು | 9:31

ಅಕ್ಕ, ಬ್ಲೇಡ್ ಮೇಲೆ ಬೆರಳು ಹಾಯಿಸಿ ನೋಡಿ. ಹಲ್ಲು ಹಿಡಿಕೆಯ ಕಡೆಗೆ, ಕೆಳಮುಖ ಇರಬೇಕು. ಎಳೆದಾಗ ಕತ್ತರಿಸಬೇಕು, ತಳ್ಳಿದಾಗ ಅಲ್ಲ.

ಸೂಜಿದಾರ, ಹಾಸನ | 9:34

ತಲೆಕೆಳಗೆ ಹಾಕಿದ್ದೇನೆ. ಏಳನ್ನೂ.